ಆಯಿಲ್ ಒಳಗಿನ ದುರ್ಗದ ಧೂಳು

ಡೀಸೆಲ್ ಅಂಬಾಸಿಡರ್ ಇಟ್ಟುಕೊಂಡವರಿಗೆ ಆಯಿಲ್ ಕಪ್ಪಾಗುವುದು ಹೊಸ ಸುದ್ದಿಯಲ್ಲ. ಬೆಳಿಗ್ಗೆ ಹೊಸ ಆಯಿಲ್ ಹಾಕಿಸಿ, ದಾವಣಗೆರೆಯಿಂದ ಚಳ್ಳಕೆರೆಗೆ ಹೋಗಿ ಬಂದು, ಸಂಜೆ ಡಿಪ್‌ಸ್ಟಿಕ್ ಎಳೆದರೆ ಜೇನುಬಣ್ಣ ಹೋಗಿ ಕಡುಗಪ್ಪು ಬಂದಿರುತ್ತದೆ. ಅದು ಮಸಿ. ಡೀಸೆಲ್ ಉರಿದ ಕಡೆ ಮಸಿ ಇದ್ದೇ ಇರುತ್ತದೆ. ಅದು ಒಂದು ಕಡೆ ಗಟ್ಟಿಯಾಗಿ ಕೂರದಂತೆ ಆಯಿಲ್‌ನಲ್ಲೇ ತೇಲಿಸಿ ಇಡಲೆಂದು ಈಗಿನ ಆಯಿಲ್‌ಗಳಿಗೆ ಡಿಟರ್ಜೆಂಟ್, ಡಿಸ್ಪರ್ಸೆಂಟ್ ಬೆರೆಸಿರುತ್ತಾರೆ. ಹಾಗಾಗಿ ಬಣ್ಣ ನೋಡಿ ನಾನು ಯಾವತ್ತೂ ಗಾಬರಿಯಾದವನಲ್ಲ. ನನ್ನನ್ನು ಕಾಡತೊಡಗಿದ್ದು ಬೇರೆಯೇ ವಿಷಯ. ಒಂದು ಬೇಸಿಗೆಯಲ್ಲಿ ಆಯಿಲ್ ಇಳಿಸುವಾಗ ಡ್ರೈನ್ ಪ್ಲಗ್ಗಿಗೆ ಅಂಟಿದ್ದ ಕೆಸರನ್ನು ತೆಗೆದು ಹೆಬ್ಬೆರಳು, ತೋರುಬೆರಳ ನಡುವೆ ತಿಕ್ಕಿದೆ. ಸಣ್ಣಗೆ ತರಿ ತಾಗಿತು. ಮಸಿಗೆ ತರಿ ಇರುವುದಿಲ್ಲ. ಅದನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬಿಳಿ ಕಾಗದದ ಮೇಲೆ ಹರಡಿ, ಭೂತಗನ್ನಡಿ ಹಿಡಿದು ನೋಡಿದೆ. ಕಪ್ಪು ಚೂರುಗಳ ನಡುವೆ ಕಂದು, ಕೆಂಪು, ಅಲ್ಲೊಂದು ಇಲ್ಲೊಂದು ಹೊಳೆಯುವ ಕಣ. ಮೇಲೆ ಮ್ಯಾಗ್ನೆಟ್ ಆಡಿಸಿದರೆ ಕಪ್ಪು ಚೂರುಗಳಲ್ಲಿ ಕೆಲವು ಎದ್ದು ಬಂದು ಅಂಟಿಕೊಂಡವು, ಹೊಳೆಯುವ ಕಣಗಳು ಅಲ್ಲಾಡಲಿಲ್ಲ. ಎದ್ದು ಬಂದದ್ದು ಎಂಜಿನ್ ಸವೆದ ಕಬ್ಬಿಣ. ಉಳಿದದ್ದು ನಮ್ಮ ಸೀಮೆಯ ಮಣ್ಣು, ಮರಳು.

ಕಣ್ಣಿಗೆ ಕಾಣುವಷ್ಟು ದಪ್ಪದ ಕಣ ಫಿಲ್ಟರ್‌ಗೆ ಸಿಕ್ಕೇ ಸಿಗುತ್ತದೆ. ಸಂಪ್‌ನ, ಅಂದರೆ ಎಂಜಿನ್ ಅಡಿಯ ಆಯಿಲ್ ತೊಟ್ಟಿಯ, ತಳದಲ್ಲಿ ಕೂತದ್ದರಿಂದ ಅದು ಪಂಪಿನವರೆಗೂ ಹೋಗಿರಲಿಲ್ಲ, ಅಷ್ಟೆ. ಆದರೆ ಇಷ್ಟು ದಪ್ಪದ್ದು ಒಳಗೆ ಬಂದಿದೆ ಎಂದಾದರೆ ಇದಕ್ಕಿಂತ ಸಣ್ಣದು, ಕಣ್ಣಿಗೂ ಕಾಣದ, ಬೆರಳಿಗೂ ತಾಗದ ಧೂಳು ಎಷ್ಟು ಬಂದಿರಬೇಕು? ಅದೆಲ್ಲ ಎಲ್ಲಿ ಹೋಗುತ್ತಿದೆ? ಈ ಪ್ರಶ್ನೆ ತಲೆಯಿಂದ ಇಳಿಯಲೇ ಇಲ್ಲ. ದುರ್ಗ ದಾಟಿ ಚಳ್ಳಕೆರೆ ರಸ್ತೆ ಹಿಡಿದವರಿಗೆ ಅಲ್ಲಿನ ಧೂಳನ್ನು ವಿವರಿಸಬೇಕಿಲ್ಲ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಅದೊಂದು. ಹೊಳಲ್ಕೆರೆ, ಭೀಮಸಮುದ್ರದ ಕಡೆ ಹೋದರೆ ಅದಿರಿನ ಲಾರಿಗಳ ಕೆಂಪು ಧೂಳು ಬೇರೆ.

ನನ್ನದು 1986ರ ಗಾಡಿ, ಮಾರ್ಕ್ ಫೋರ್, 1489 ಸಿಸಿ ಡೀಸೆಲ್ ಎಂಜಿನ್. ಅಪ್ಪ ಕೊಂಡದ್ದು. ಇಂಥ ಎಂಜಿನ್‌ನಲ್ಲಿ ಬೇರಿಂಗ್ ಹೋದರೆ ಹೊಸ ಬೇರಿಂಗ್ ಹಾಕಿದರೆ ಮುಗಿಯಿತು ಎನ್ನುವ ಹಾಗಿಲ್ಲ. ಬೇರಿಂಗ್‌ಗಳ ಮೇಲೆ ತಿರುಗುವ ಕ್ರ್ಯಾಂಕ್ ಗೀರಿದ್ದರೆ ಗ್ರೈಂಡಿಂಗ್ ಮಾಡಿಸಿ, ಅಷ್ಟು ದಪ್ಪ ಬೇರಿಂಗ್ ಹುಡುಕಬೇಕು. ಮೊದಲು ಹತ್ತು ಥೌ (ಇಂಚಿನ ಸಾವಿರದಲ್ಲಿ ಹತ್ತು ಪಾಲು), ಆಮೇಲೆ ಇಪ್ಪತ್ತು, ಮೂವತ್ತು, ನಲವತ್ತು. ಅಲ್ಲಿಗೆ ಆ ಕ್ರ್ಯಾಂಕಿನ ಆಯಸ್ಸು ಮುಗಿದ ಹಾಗೆ. ನನ್ನ ಎಂಜಿನ್ ಈಗಾಗಲೇ ಇಪ್ಪತ್ತರಲ್ಲಿದೆ. ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ ನಿಂತದ್ದು 2014ರ ಮೇ ತಿಂಗಳಲ್ಲಿ. ಒಳ್ಳೆಯ ಕ್ರ್ಯಾಂಕ್ ಸಿಗುವುದು ಈಗ ಗುಜರಿಯಲ್ಲಿ ಮಾತ್ರ, ಅದೂ ಋಣವಿದ್ದರೆ. ಹಾಗಾಗಿ ಹೊಸ ಗಾಡಿಯವರು ತಲೆ ಕೆಡಿಸಿಕೊಳ್ಳದ ಒಂದು ಮೈಕ್ರಾನ್, ಎರಡು ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ಸವೆತ ನನಗೆ ಮುಖ್ಯವಾಗುತ್ತದೆ.

ಇರುವ ಫಿಲ್ಟರ್ ಬಿಡುವುದೇನು?

ಅಂಬಾಸಿಡರ್‌ನಲ್ಲಿ ಇರುವುದು ಫುಲ್ ಫ್ಲೋ ಫಿಲ್ಟರ್. ಎಂಜಿನ್ ಪಕ್ಕದ ಬೋಗುಣಿ, ಮಧ್ಯದಲ್ಲಿ ಉದ್ದನೆಯ ಬೋಲ್ಟ್, ಒಳಗೆ ಸೋಸುವ ಭಾಗ, ಅಂದರೆ ಕಾಗದದ ಎಲಿಮೆಂಟ್. ಪಂಪ್ ಎತ್ತಿದ ಆಯಿಲ್ ಪೂರ್ತಿ ಇದನ್ನು ದಾಟಿಯೇ ಬೇರಿಂಗ್‌ಗೆ ಹೋಗಬೇಕು. ಕೇಳಲು ಭದ್ರವಾದ ವ್ಯವಸ್ಥೆ. ಆದರೆ ಅದರ ಮಿತಿಯೂ ಅಲ್ಲೇ ಇದೆ. ನಿಮಿಷಕ್ಕೆ ಹತ್ತಾರು ಲೀಟರ್ ಆಯಿಲ್ ತಡೆಯಿಲ್ಲದೆ ಹರಿಯಬೇಕಾದರೆ ಕಾಗದದ ರಂಧ್ರ ದೊಡ್ಡದಿರಲೇಬೇಕು. ಹಳೆಯ ಕಾಲದ ಇಂಥ ಎಲಿಮೆಂಟ್‌ಗಳು ಇಪ್ಪತ್ತರಿಂದ ನಲವತ್ತು ಮೈಕ್ರಾನ್‌ಗಿಂತ ದಪ್ಪದ ಕಣಗಳನ್ನು ಹಿಡಿಯುತ್ತವೆ, ಅದಕ್ಕಿಂತ ಸಣ್ಣದನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತವೆ. ನಮ್ಮ ತಲೆಗೂದಲು ಸುಮಾರು ಎಪ್ಪತ್ತು ಮೈಕ್ರಾನ್ ಎಂದರೆ ಅಳತೆಯ ಅಂದಾಜು ಸಿಗಬಹುದು. ಇಷ್ಟು ಸಾಲದೆಂಬಂತೆ ರಿಲೀಫ್ ವಾಲ್ವ್ ಒಂದಿದೆ. ಚಳಿಯಲ್ಲಿ ಆಯಿಲ್ ಗಟ್ಟಿಯಿದ್ದಾಗ, ಅಥವಾ ಎಲಿಮೆಂಟ್ ಕಟ್ಟಿಕೊಂಡಾಗ, ಬೇರಿಂಗ್ ಒಣಗದಿರಲೆಂದು ಅದು ತೆರೆದುಕೊಂಡು ಸೋಸದ ಆಯಿಲನ್ನೇ ಮುಂದಕ್ಕೆ ಕಳಿಸುತ್ತದೆ. ಅದು ಸರಿಯೇ. ಕೊಳೆ ಆಯಿಲ್ ಆದರೂ ಇರಲಿ, ಆಯಿಲ್ ಇಲ್ಲದಿರುವುದಕ್ಕಿಂತ ಮೇಲು.

ಈಗ ಬೇರಿಂಗ್ ಕಡೆಯಿಂದ ಯೋಚಿಸಿ. ಭಾರ ಬಿದ್ದ ಜಾಗದಲ್ಲಿ ಕ್ರ್ಯಾಂಕಿಗೂ ಬೇರಿಂಗಿಗೂ ನಡುವೆ ಇರುವ ಆಯಿಲ್ ಪದರ ಕೆಲವೇ ಮೈಕ್ರಾನ್. ನಲವತ್ತು ಮೈಕ್ರಾನಿನ ಕಣ ಆ ಸಂದಿಗೆ ಸುಲಭವಾಗಿ ನುಗ್ಗಲಾರದು. ಅರ್ಧ ಮೈಕ್ರಾನಿನದು ನುಗ್ಗಿದರೂ ಪದರದೊಳಗೆ ತೇಲಿ ದಾಟಿಹೋಗುತ್ತದೆ. ಕೆಡಿಸುವುದು ಮಧ್ಯದ್ದು, ಪದರದಷ್ಟೇ ದಪ್ಪವಿದ್ದು, ಒಂದೇ ಹೊತ್ತಿಗೆ ಎರಡೂ ಕಡೆ ಕಚ್ಚುವಂಥದ್ದು. ಐದು, ಹತ್ತು, ಹದಿನೈದು ಮೈಕ್ರಾನ್. ಫುಲ್ ಫ್ಲೋ ಫಿಲ್ಟರ್ ಬಿಟ್ಟುಕೊಡುವುದೂ ಇದನ್ನೇ. ಜನರಲ್ ಮೋಟಾರ್ಸ್‌ನವರು 1988ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಈ ವಿಷಯ ಬಂದಾಗಲೆಲ್ಲ ಉಲ್ಲೇಖವಾಗುತ್ತದೆ. 40 ಮೈಕ್ರಾನ್ ಫಿಲ್ಟರ್‌ಗೆ ಹೋಲಿಸಿದರೆ 30 ಮೈಕ್ರಾನಿನದರಲ್ಲಿ ಎಂಜಿನ್ ಸವೆತ ಅರ್ಧಕ್ಕೆ ಇಳಿಯಿತು, 15 ಮೈಕ್ರಾನಿನದರಲ್ಲಿ ಶೇ 70ರಷ್ಟು ಕಡಿಮೆಯಾಯಿತು. ಅದು ಪ್ರಯೋಗಶಾಲೆಯ ಲೆಕ್ಕ, ಬೇಗ ಸವೆಯುವಂತೆ ಮಾಡಿ ನೋಡಿದ್ದು. ನನ್ನ ಗಾಡಿಯಲ್ಲಿ ಅಷ್ಟೇ ಪ್ರಮಾಣದಲ್ಲಿ ಲಾಭ ಬರುತ್ತದೆಂದು ನಾನು ಹೇಳಲಾರೆ. ಆದರೆ ದಿಕ್ಕು ಮಾತ್ರ ಸ್ಪಷ್ಟವಾಗಿದೆ.

ಇದಕ್ಕೆ ಉಪಾಯ ಬೈಪಾಸ್ ಫಿಲ್ಟರ್. ಇದು ಹೊಸದೇನಲ್ಲ, ಫುಲ್ ಫ್ಲೋಗಿಂತ ಹಳೆಯದು. ವಿಲ್ಲೀಸ್ ಜೀಪುಗಳಲ್ಲಿ ಇದ್ದದ್ದು ಇದೊಂದೇ. ಪಂಪಿನ ಆಯಿಲ್‌ನಲ್ಲಿ ಒಂದು ಸಣ್ಣ ಪಾಲು ಪ್ರತ್ಯೇಕ ಪೈಪಿನಲ್ಲಿ ಡಬ್ಬಿಗೆ ಹೋಗಿ, ನಿಧಾನವಾಗಿ ಸೋಸಿಕೊಂಡು, ಸಂಪ್‌ಗೆ ವಾಪಸಾಗುತ್ತಿತ್ತು. ಬೇರಿಂಗ್‌ಗೆ ಹೋಗುವ ಆಯಿಲ್‌ಗೆ ಅಡ್ಡಿಯಿಲ್ಲ. ನಮ್ಮ ಕಡೆ ಓಡಾಡಿದ ಹಳೆಯ ಮಹೀಂದ್ರ ಜೀಪುಗಳಲ್ಲಿ ಎಷ್ಟೋ ಕಡೆ ಆ ಡಬ್ಬಿ ಲೀಕ್ ಆಗುತ್ತದೆಂದು ಕಿತ್ತು, ಪೈಪ್ ಬಾಯಿಗೆ ಬೋಲ್ಟ್ ಜಡಿದದ್ದನ್ನು ನೋಡಿದ್ದೇನೆ. ಜೀಪ್ ಓಡುತ್ತಲೇ ಇತ್ತು, ಆದ್ದರಿಂದ ಯಾರಿಗೂ ಅದರ ಬೆಲೆ ಗೊತ್ತಾಗಲಿಲ್ಲ. ಈಗಲೂ ಗಣಿ ಯಂತ್ರಗಳಿಗೆ, ದೊಡ್ಡ ಜನರೇಟರ್‌ಗಳಿಗೆ ಬರುವ ಕಮಿನ್ಸ್ ಎಂಜಿನ್‌ಗಳಲ್ಲಿ ಫುಲ್ ಫ್ಲೋ ಜೊತೆಗೆ ಬೈಪಾಸ್ ಫಿಲ್ಟರ್ ಇಟ್ಟಿರುವುದುಂಟು. ರಾತ್ರಿ ಹಗಲು ಓಡುವ ಎಂಜಿನ್‌ಗೆ ಕಂಪನಿಯೇ ಎರಡು ಬೇಕು ಎಂದುಕೊಂಡಿದ್ದರೆ ಅದಕ್ಕೆ ಕಾರಣ ಇರಲೇಬೇಕಲ್ಲವೆ?

ಎಣ್ಣೆ ಮಿಲ್ಲಿನ ಪಾಠ

ಸಣ್ಣ ಪಾಲನ್ನು ನಿಧಾನವಾಗಿ ಸೋಸಿದರೆ ಇಡೀ ಎಣ್ಣೆ ತಿಳಿಯಾಗುತ್ತದೆ ಎಂಬುದನ್ನು ನಂಬಲು ನನಗೆ ಪುಸ್ತಕ ಬೇಕಾಗಲಿಲ್ಲ. ದೊಡ್ಡಪ್ಪ ಚಳ್ಳಕೆರೆಯ ಶೇಂಗಾ ಎಣ್ಣೆ ಮಿಲ್ಲೊಂದರಲ್ಲಿ ಕೆಲಸಕ್ಕಿದ್ದರು. ಚಳ್ಳಕೆರೆ ಎಂದರೆ ಆಗ ಎಣ್ಣೆಯ ಊರು. ಬೇಸಿಗೆ ರಜೆಯಲ್ಲಿ ಬುತ್ತಿ ಕೊಡುವ ನೆಪದಲ್ಲಿ ಮಿಲ್ಲಿಗೆ ಹೋದರೆ ಸಂಜೆಯವರೆಗೂ ಅಲ್ಲೇ. ಎಕ್ಸ್‌ಪೆಲ್ಲರ್‌ನಿಂದ ಬಿಸಿ ಎಣ್ಣೆ ಗಸಿ ಸಮೇತ, ಕದಡಿಕೊಂಡು ಬೀಳುತ್ತಿತ್ತು. ಅಲ್ಲಿಂದ ಪಂಪಿನಲ್ಲಿ ಫಿಲ್ಟರ್ ಪ್ರೆಸ್ಸಿಗೆ. ಸಾಲಾಗಿ ನಿಲ್ಲಿಸಿದ ಬೀಡಿನ ಪ್ಲೇಟುಗಳು, ನಡುನಡುವೆ ದಪ್ಪ ಬಟ್ಟೆ, ತುದಿಯಲ್ಲಿ ಎರಡು ಕೈ ಹಾಕಿ ಬಿಗಿ ಮಾಡುವ ದೊಡ್ಡ ತಿರುಪು. ಪ್ರತಿ ಪ್ಲೇಟಿಗೂ ಒಂದು ಪುಟ್ಟ ನಲ್ಲಿ, ಅದರ ಕೆಳಗೆ ಉದ್ದನೆಯ ದೋಣಿ. ಹೊಸ ಬಟ್ಟೆ ಹಾಕಿ ಶುರು ಮಾಡಿದ ದಿನ ನಲ್ಲಿಗಳಲ್ಲಿ ಮೊದಲು ಬಂದದ್ದು ಮಂಕು ಎಣ್ಣೆ. ದೊಡ್ಡಪ್ಪ ಅದನ್ನು ಬಕೆಟ್ಟಿನಲ್ಲಿ ಹಿಡಿದು ಕದಡಿದ ಎಣ್ಣೆಯ ಟ್ಯಾಂಕಿಗೇ ಸುರಿದರು. ಬಟ್ಟೆ ಹರಿದಿದೆಯಾ ಎಂದು ಕೇಳಿದೆ. "ಇಲ್ಲ ಕಣೋ, ತಡಿ. ಬಟ್ಟೆ ಮೇಲೆ ಗಸಿ ಕೂರ್ಬೇಕು. ಬಟ್ಟೆ ಸೋಸಲ್ಲ, ಗಸಿನೇ ಗಸಿನ ಸೋಸೋದು" ಎಂದರು. ಸ್ವಲ್ಪ ಹೊತ್ತಿಗೆ ಒಂದೊಂದೇ ನಲ್ಲಿಯಲ್ಲಿ ಎಣ್ಣೆ ತಿಳಿಯಾಗುತ್ತಾ ಬಂತು. ಕೊನೆಗೆ ಧಾರೆ ಸಣ್ಣದಾದರೂ ದೋಣಿಯ ತಳದ ಬೆಸುಗೆ ಗೆರೆ ಎಣ್ಣೆಯೊಳಗಿಂದ ಕಾಣುವಷ್ಟು ತಿಳಿ.

ಬೈಪಾಸ್ ಫಿಲ್ಟರಿನ ಒಳಗೆ ನಡೆಯುವುದೂ ಇದೇ. ಅದರ ಎಲಿಮೆಂಟ್ ಒಂದು ಪದರದ ಕಾಗದವಲ್ಲ, ಬಿಗಿಯಾಗಿ ಸುತ್ತಿದ ಕಾಗದವೋ ಹತ್ತಿ ನೂಲೋ ಆಗಿರುತ್ತದೆ, ಇಂಚುಗಟ್ಟಲೆ ದಪ್ಪ. ಕಣಗಳು ಮೇಲ್ಮೈಯಲ್ಲಿ ನಿಲ್ಲದೆ ಆಳಕ್ಕಿಳಿದು ಸಿಕ್ಕಿಕೊಳ್ಳುತ್ತವೆ, ಸಿಕ್ಕಿಕೊಂಡವು ಹಿಂದೆ ಬರುವ ಇನ್ನೂ ಸಣ್ಣದನ್ನು ತಡೆಯುತ್ತವೆ. ಹೊಸದಾಗಿದ್ದಾಗ ಹಿಡಿಯದ್ದನ್ನು ಹಳತಾದಂತೆ ಹಿಡಿಯುತ್ತದೆ, ಹರಿವು ಮಾತ್ರ ಕಡಿಮೆಯಾಗುತ್ತಾ ಹೋಗುತ್ತದೆ. ಅಮೆರಿಕದಲ್ಲಿ ಟಾಯ್ಲೆಟ್ ಪೇಪರ್ ಸುರುಳಿಯನ್ನೇ ಎಲಿಮೆಂಟ್ ಮಾಡಿ ಮಾರಿದ ಫ್ರಾಂಟ್ಜ್ ಫಿಲ್ಟರ್‌ಗಳೂ ಇದೇ ತತ್ವದ ಮೇಲೆ ನಡೆದವು. ನಾನು ಆ ದಾರಿ ಹಿಡಿಯಲಿಲ್ಲ. ಬಿಸಿ ಆಯಿಲ್‌ನಲ್ಲಿ ನಾರು ಬಿಚ್ಚಿಕೊಂಡರೆ ಅದು ಹೋಗುವುದು ಎಂಜಿನ್ ಒಳಗೇ ಅಲ್ಲವೆ? ಬೈಪಾಸ್‌ಗೆಂದೇ ಮಾಡಿದ, ಬದಲಾಯಿಸಲು ಬರುವ ಎಲಿಮೆಂಟ್ ಇರುವ ಡಬ್ಬಿ ತೆಗೆದುಕೊಂಡೆ.

ಒಂದು ಮಿಲಿಮೀಟರಿನ ತೂತು

ದಾವಣಗೆರೆಯಲ್ಲಿ ನನ್ನ ಗಾಡಿ ನೋಡುವ ಮೇಸ್ತ್ರಿಗೆ ಅರವತ್ತು ದಾಟಿದೆ. ಪಿ.ಬಿ. ರೋಡಿನಲ್ಲಿ ಅಂಬಾಸಿಡರ್ ಟ್ಯಾಕ್ಸಿಗಳು ಸಾಲು ನಿಲ್ಲುತ್ತಿದ್ದ ಕಾಲದಿಂದ ಈ ಎಂಜಿನ್ ಬಿಚ್ಚಿ ಕಟ್ಟಿದವರು. ವಿಷಯ ಹೇಳಿದಾಗ ಅವರ ಮೊದಲ ಮಾತು, "ಫಿಲ್ಟರ್ ಐತಲ್ರೀ ಸಾರ್, ಮತ್ತೊಂದ್ಯಾಕ್ರೀ? ಪ್ರೆಸರ್ ಬಿದ್ದೋಗ್ತತಿ ನೋಡ್ರೀ." ಅವರ ಆಕ್ಷೇಪಣೆ ಸರಿಯಾದದ್ದು. ಬೈಪಾಸ್ ಪೈಪ್ ಎಂದರೆ ಆಯಿಲ್ ಲೈನಿಗೆ ನಾವಾಗಿಯೇ ಇಟ್ಟ ಒಂದು ಲೀಕ್. ಸವೆದ ಎಂಜಿನ್‌ನಲ್ಲಿ, ಬಿಸಿಯಾಗಿ ಐಡಲಿಂಗ್‌ನಲ್ಲಿ ನಿಂತಾಗ ಪ್ರೆಷರ್ ಮೊದಲೇ ಕಡಿಮೆ. ಅಂಥದ್ದರಲ್ಲಿ ಇನ್ನೊಂದು ದಾರಿ ತೆರೆದರೆ ಬೇರಿಂಗ್‌ಗೆ ಹೋಗಬೇಕಾದ ಆಯಿಲ್ ಕದ್ದ ಹಾಗಾಗುತ್ತದೆ. ಆದ್ದರಿಂದ ಫಿಲ್ಟರ್ ಡಬ್ಬಿಗಿಂತ ಮೊದಲು ನಾವು ಹಾಕಿದ್ದು ಪ್ರೆಷರ್ ಮೀಟರ್. ಹೈವೇಯಲ್ಲಿ ಓಡಿಸಿ, ಎಂಜಿನ್ ಚೆನ್ನಾಗಿ ಕಾದ ಮೇಲೆ ಐಡಲಿಂಗ್‌ನಲ್ಲಿ ಹದಿನೈದು ಪಿಎಸ್‌ಐಗಿಂತ ಮೇಲೆ ಮುಳ್ಳು ನಿಂತದ್ದನ್ನು ನೋಡಿಯೇ ಮೇಸ್ತ್ರಿ ಒಪ್ಪಿದ್ದು. ನಿಲ್ಲದಿದ್ದರೆ ನಾನೂ ಅಲ್ಲಿಗೇ ಬಿಡುತ್ತಿದ್ದೆ. ಪ್ರೆಷರ್ ಇಲ್ಲದ ಎಂಜಿನ್‌ಗೆ ಬೇಕಾದದ್ದು ಬೇರಿಂಗ್ ಕೆಲಸ, ಫಿಲ್ಟರ್ ಅಲ್ಲ.

ಆ ಲೀಕನ್ನು ಹದ್ದಿನಲ್ಲಿಡುವುದು ಒಂದು ಸಣ್ಣ ತೂತು. ಪ್ರೆಷರ್ ಪಾಯಿಂಟಿಗೆ ಹಾಕುವ ಟೀ ಜಾಯಿಂಟಿನ ಒಳಗೆ ಹಿತ್ತಾಳೆಯ ಪ್ಲಗ್ ಕೂರಿಸಿ, ಅದಕ್ಕೆ ಒಂದು ಮಿಲಿಮೀಟರ್ ಡ್ರಿಲ್ ಹಾಕಿಸಬೇಕು. ಲೇತ್ ಅಂಗಡಿಯವರು ಡ್ರಿಲ್ ಬಿಟ್ ಮುರಿಯದಂತೆ ಸ್ವಲ್ಪ ಸ್ವಲ್ಪವೇ ಒತ್ತಿ, ಹೊರಗೆಳೆದು, ಚೂರು ಊದಿ, ಮತ್ತೆ ಒತ್ತಿ ಮಾಡಿದರು. ಮುಗಿದ ಮೇಲೆ ಪ್ಲಗ್ಗನ್ನು ಬೆಳಕಿಗೆ ಹಿಡಿದರೆ ಸೂಜಿಮೊನೆಯಷ್ಟು ಬೆಳಕು. ತಾಮ್ರದ ವಾಷರ್‌ಗಳನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿ ಮೆತ್ತಗೆ ಮಾಡಿಕೊಟ್ಟರು. ಹಳೆ ವಾಷರ್ ಗಟ್ಟಿಯಾಗಿದ್ದರೆ ಎಷ್ಟು ಬಿಗಿದರೂ ಆಯಿಲ್ ಒಸರುತ್ತದೆ.

ಈ ಪ್ಲಗ್ ಎಲ್ಲಿ ಇರಬೇಕು ಎಂಬುದರ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯವಿದೆ. ಕೆಲವು ಡಬ್ಬಿಗಳಲ್ಲಿ ತೂತು ಫಿಲ್ಟರಿನ ಕಡೆಯ ತುದಿಯಲ್ಲಿರುತ್ತದೆ. ಸೋಸುವ ಲೆಕ್ಕಕ್ಕೆ ಎರಡೂ ಒಂದೇ. ಆದರೆ ಹೋಸ್ ಒಡೆದರೆ? ನನಗೆ ಪರಿಚಯದವರೊಬ್ಬರ ಜೀಪಿನಲ್ಲಿ ಹೊಳಲ್ಕೆರೆ ದಾರಿಯಲ್ಲಿ ಹಾಗೇ ಆಯಿತು. ಬ್ರಾಕೆಟ್ಟಿನ ಅಂಚಿಗೆ ಉಜ್ಜಿ ಉಜ್ಜಿ ಹೋಸ್ ತೂತಾಯಿತು, ಅವರಿಗೆ ಗೊತ್ತಾದದ್ದು ಎಂಜಿನ್ ಕಟಕಟ ಎಂದಾಗ. ಸಂಪ್‌ನಲ್ಲಿ ಆಯಿಲ್ ಉಳಿದಿರಲಿಲ್ಲ, ಬಿಗ್ ಎಂಡ್ ಬೇರಿಂಗ್ ಹಿಡಿದಿತ್ತು. ಒಡೆದ ಹೋಸಿನಲ್ಲಿ ಪಂಪಿನ ಪೂರ್ತಿ ಒತ್ತಡ ಇದ್ದರೆ ನಾಲ್ಕು ಲೀಟರ್ ಆಯಿಲ್ ಖಾಲಿಯಾಗಲು ಒಂದು ನಿಮಿಷವೂ ಬೇಕಿಲ್ಲ. ಅದೇ ತೂತು ಎಂಜಿನ್ ಕಡೆಯಲ್ಲಿದ್ದರೆ, ಹೋಸ್ ಪೂರ್ತಿ ಕಳಚಿ ಬಿದ್ದರೂ ಹೊರಗೆ ಹೋಗುವುದು ನಿಮಿಷಕ್ಕೆ ಒಂದು ಲೀಟರ್ ಆಸುಪಾಸು. ವಾಸನೆ ಬರುತ್ತದೆ, ಬಿಸಿ ಸೈಲೆನ್ಸರ್ ಮೇಲೆ ಬಿದ್ದು ಹೊಗೆ ಏಳುತ್ತದೆ, ಗಾಡಿ ಪಕ್ಕಕ್ಕೆ ಹಾಕಿ ಆಫ್ ಮಾಡಲು ಸಮಯ ಸಿಗುತ್ತದೆ. ಹೆಚ್ಚುವರಿ ಫಿಲ್ಟರ್ ಹಾಕುವವರು ಮೈಕ್ರಾನ್ ಬಗ್ಗೆ ಬಹಳ ಮಾತಾಡುತ್ತಾರೆ, ಹೋಸ್ ಬಗ್ಗೆ ಮಾತಾಡುವುದು ಕಡಿಮೆ. ನನ್ನ ಪ್ರಕಾರ ದುಡ್ಡು ಹಾಕಬೇಕಾದದ್ದು ಅಲ್ಲಿ. ನೀರಿನ ಹೋಸ್, ಗ್ಯಾಸ್ ಪೈಪ್ ಯಾವುದೂ ನಡೆಯುವುದಿಲ್ಲ. ಜೆಸಿಬಿಗಳಿಗೆ ಹೈಡ್ರಾಲಿಕ್ ಹೋಸ್ ಪ್ರೆಸ್ ಮಾಡಿಕೊಡುವ ಅಂಗಡಿಯಲ್ಲೇ ಅಳತೆ ಕೊಟ್ಟು ಎರಡೂ ತುದಿಗೆ ಫಿಟಿಂಗ್ ಒತ್ತಿಸಬೇಕು. ಎಂಜಿನ್ ಅಲುಗಾಡುತ್ತದೆ, ಬಾಡಿ ಅಲುಗಾಡುವುದಿಲ್ಲ, ಆದ್ದರಿಂದ ಹೋಸ್ ಸ್ವಲ್ಪ ಸಡಿಲವಿರಬೇಕು, ಎಲ್ಲೂ ಲೋಹಕ್ಕೆ ಉಜ್ಜಬಾರದು.

ವಾಪಸ್ ಬರುವ ಪೈಪನ್ನು ಎಂಜಿನ್ ನೆತ್ತಿಯ ಮುಚ್ಚಳಕ್ಕೆ, ಅಂದರೆ ರಾಕರ್ ಕವರಿಗೆ, ಕೊಟ್ಟೆವು. ಸಂಪ್‌ಗೆ ಕೊಡಬೇಕಾದರೆ ಅದನ್ನು ಇಳಿಸಿ ವೆಲ್ಡಿಂಗ್ ಮಾಡಿಸಬೇಕು. ರಾಕರ್ ಕವರಿಗಾದರೆ ಒಂದು ನಿಪ್ಪಲ್ ಬ್ರೇಜಿಂಗ್ ಮಾಡಿಸಿದರೆ ಸಾಕು, ಆಯಿಲ್ ಒತ್ತಡವಿಲ್ಲದೆ ರಾಕರ್‌ಗಳ ಮೇಲೆ ಬಿದ್ದು, ಪುಶ್ ರಾಡ್ ತೂತುಗಳಲ್ಲಿ ತಾನಾಗಿಯೇ ಕೆಳಗಿಳಿಯುತ್ತದೆ.

ಜೋಡಿಸಿದ ಮೇಲೆ ಎಂಜಿನ್ ಕಾಯಿಸಿ, ವಾಪಸ್ ಪೈಪನ್ನು ಬಿಚ್ಚಿ, ಒಂದು ಲೀಟರಿನ ಖಾಲಿ ಬಾಟಲಿಗೆ ಹಿಡಿದೆವು. ಪೆನ್ಸಿಲ್ ಗಾತ್ರಕ್ಕಿಂತ ಸಣ್ಣ ಧಾರೆ, ಕಪ್ಪು, ಬಿಸಿ. ಓಡಿಸುವಾಗಿನ ವೇಗಕ್ಕೆ ಆಕ್ಸಿಲರೇಟರ್ ಹಿಡಿದಾಗ ಬಾಟಲಿ ತುಂಬಲು ಒಂದು ನಿಮಿಷದ ಮೇಲೆ ಸ್ವಲ್ಪ ಹಿಡಿಯಿತು. ಮೀಟರಿನ ಮುಳ್ಳು ಮೊದಲಿದ್ದಲ್ಲೇ ಇತ್ತು. ಮೇಸ್ತ್ರಿ ಬಗ್ಗಿ ಮೀಟರ್ ನೋಡಿ, ಬಾಟಲಿ ನೋಡಿ, "ಇಷ್ಟಾದ್ರೆ ಏನೂ ಆಗಂಗಿಲ್ಲ ಬಿಡ್ರೀ" ಎಂದರು. ಸಂಪ್‌ನಲ್ಲಿರುವುದು ಸುಮಾರು ನಾಲ್ಕು ಲೀಟರ್. ಹಾಗೆಂದು ನಾಲ್ಕು ನಿಮಿಷಕ್ಕೆ ಎಲ್ಲಾ ಸೋಸಿ ಮುಗಿಯುವುದಿಲ್ಲ, ಸೋಸಿದ್ದೂ ಸೋಸದ್ದೂ ಬೆರೆಯುತ್ತಲೇ ಇರುತ್ತವಲ್ಲ. ಲೆಕ್ಕ ಹಾಕಿದರೆ ನಾಲ್ಕು ನಿಮಿಷದ ಕೊನೆಗೂ ಸುಮಾರು ಒಂದೂವರೆ ಲೀಟರ್ ಒಂದು ಸಲವೂ ಫಿಲ್ಟರ್ ದಾಟಿರುವುದಿಲ್ಲ. ಹನ್ನೆರಡು ನಿಮಿಷಕ್ಕೆ ದಾಟದೆ ಉಳಿದದ್ದು ಒಂದು ಲೋಟದಷ್ಟು. ದಾವಣಗೆರೆಯಿಂದ ದುರ್ಗ ಸುಮಾರು ಅರವತ್ತು ಕಿಲೋಮೀಟರ್. ನನ್ನ ಗಾಡಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ಐವತ್ತು ಲೀಟರಿಗೂ ಮೇಲ್ಪಟ್ಟು ಆಯಿಲ್ ಆ ಡಬ್ಬಿಯನ್ನು ದಾಟಿರುತ್ತದೆ.

ಇದರಿಂದ ಆಗದ ಕೆಲಸ

ಈ ಫಿಲ್ಟರ್ ಹಾಕಿದರೆ ಆಯಿಲ್ ಬದಲಾಯಿಸುವುದೇ ಬೇಡ ಎನ್ನುವವರಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. ಫಿಲ್ಟರ್ ಹಿಡಿಯುವುದು ಗಟ್ಟಿ ಕಣವನ್ನು. ಡೀಸೆಲ್ ಉರಿದಾಗ ಹುಟ್ಟುವ ಆಮ್ಲ, ಆಯಿಲ್‌ಗೆ ಬೆರೆತ ಡೀಸೆಲ್, ಖರ್ಚಾಗಿ ಹೋದ ಅಡಿಟಿವ್ ಇವು ಯಾವುವನ್ನೂ ಅದು ಸರಿಮಾಡಲಾರದು. ಆಯಿಲ್ ಬಣ್ಣವೂ ತಿಳಿಯಾಗುವುದಿಲ್ಲ, ಏಕೆಂದರೆ ಬಿಡಿ ಮಸಿಯ ಕಣ ಒಂದು ಮೈಕ್ರಾನಿಗಿಂತ ಎಷ್ಟೋ ಸಣ್ಣದು, ಗುಂಪುಗೂಡಿ ದಪ್ಪವಾದದ್ದು ಮಾತ್ರ ಸಿಗುತ್ತದೆ. ನಾನು ಮೊದಲಿನ ಹಾಗೇ ಐದು ಸಾವಿರ ಕಿಲೋಮೀಟರಿಗೆ ಆಯಿಲ್ ಇಳಿಸುತ್ತೇನೆ. ಹೊಸ ಡಬ್ಬಿಯಿಂದಾಗಿ ಒಟ್ಟು ಆಯಿಲ್ ಸ್ವಲ್ಪ ಹೆಚ್ಚು ಹಿಡಿಯುತ್ತದೆ, ಅದೂ ಒಳ್ಳೆಯದೇ. ಬೈಪಾಸ್ ಎಲಿಮೆಂಟ್ ಕಟ್ಟಿಕೊಂಡರೆ ಎಂಜಿನ್‌ಗೆ ಅಪಾಯವಿಲ್ಲ, ಹರಿವು ನಿಲ್ಲುತ್ತದೆ, ಗಾಡಿ ಹಿಂದೆ ಹೇಗಿತ್ತೋ ಹಾಗಾಗುತ್ತದೆ. ಗೊತ್ತುಮಾಡಿಕೊಳ್ಳುವುದು ಸುಲಭ: ದೂರ ಓಡಿಸಿ ನಿಲ್ಲಿಸಿದಾಗ ಡಬ್ಬಿ ಮುಟ್ಟಿ ನೋಡುವುದು. ಬಿಸಿ ಇದ್ದರೆ ಆಯಿಲ್ ಓಡುತ್ತಿದೆ, ತಣ್ಣಗಿದ್ದರೆ ಎಲಿಮೆಂಟ್ ಬದಲಾಯಿಸುವ ಹೊತ್ತು ಬಂದಿದೆ.

ಇದಕ್ಕಿಂತ ಮುಖ್ಯವಾದ ಮಾತು ಒಂದಿದೆ. ಮಣ್ಣು ಆಯಿಲ್‌ನಲ್ಲಿ ಹುಟ್ಟುವುದಿಲ್ಲ, ಹೊರಗಿನಿಂದ ಬರುತ್ತದೆ, ಅದರಲ್ಲೂ ಬಹುಪಾಲು ಗಾಳಿಯ ಜೊತೆ. ಹೀಗೆ ಬಂದದ್ದು ಪಿಸ್ಟನ್ ರಿಂಗ್, ಲೈನರ್‌ಗಳನ್ನು ಸವೆಸಿಯೇ ಆಯಿಲ್‌ಗೆ ಇಳಿಯುವುದು. ಅಲ್ಲಿ ಅದನ್ನು ಹಿಡಿಯುವಷ್ಟರಲ್ಲಿ ಅರ್ಧ ಹಾನಿ ಆಗಿಹೋಗಿರುತ್ತದೆ. ಗಾಳಿಯ ಧೂಳನ್ನು ಬಟ್ಟಲಿನ ಆಯಿಲ್‌ನಲ್ಲಿ ಹಿಡಿಯುವ ಅಂಬಾಸಿಡರಿನ ಆಯಿಲ್ ಬಾತ್ ಏರ್ ಕ್ಲೀನರನ್ನು ನಮ್ಮಲ್ಲಿ ಎಷ್ಟು ಜನ ಬಿಚ್ಚಿ ತೊಳೆಸುತ್ತಾರೆ? ಬಟ್ಟಲಿನಲ್ಲಿ ಆಯಿಲ್ ಗುರುತಿನ ಮಟ್ಟಕ್ಕಿದೆಯೇ, ತಳದಲ್ಲಿ ಕೆಸರು ಎಷ್ಟು ಕೂತಿದೆ, ಏರ್ ಕ್ಲೀನರ್‌ನಿಂದ ಮ್ಯಾನಿಫೋಲ್ಡಿಗೆ ಹೋಗುವ ರಬ್ಬರ್ ಪೈಪಿನ ಮಡಿಕೆಯಲ್ಲಿ ಬಿರುಕಿದೆಯೇ? ನನ್ನ ಗಾಡಿಯಲ್ಲಿ ಕ್ಲಿಪ್ ಕೆಳಗೆ, ಕಣ್ಣಿಗೆ ಕಾಣದ ಕಡೆ, ಪೈಪ್ ಉಗುರಿನಷ್ಟು ಸೀಳಿತ್ತು. ಬೈಪಾಸ್ ಫಿಲ್ಟರ್ ಹಾಕುವ ಮುಂಚೆಯೇ ಅದನ್ನು ಬದಲಾಯಿಸಿದೆ. ಯಾರಾದರೂ ಎರಡರಲ್ಲಿ ಒಂದೇ ಮಾಡುತ್ತೇನೆ ಎಂದರೆ ಮೊದಲು ಏರ್ ಕ್ಲೀನರ್ ನೋಡಿಸಿ ಎಂದೇ ಹೇಳುತ್ತೇನೆ.

ಮೊದಲ ಎಲಿಮೆಂಟ್ ಬದಲಾಯಿಸಿದಾಗ ಅದನ್ನು ಬಿಸಾಡದೆ ಮನೆಗೆ ತಂದು, ಒಂದು ರಾತ್ರಿ ಸೋರಲು ಬಿಟ್ಟು, ಹ್ಯಾಕ್ಸಾದಲ್ಲಿ ಉದ್ದಕ್ಕೆ ಸೀಳಿದೆ. ಹೊರಸುತ್ತು ಜಿಗುಟು ಕಪ್ಪು, ಚಾಕುವಿನಲ್ಲಿ ಕೆರೆದರೆ ಗ್ರೀಸಿನಂತೆ ಮೇಲೇಳುತ್ತಿತ್ತು. ಒಳಕ್ಕೆ ಹೋದಂತೆ ಕಪ್ಪು ತೆಳುವಾಗಿ, ಮಧ್ಯದ ಕೊಳವೆಯ ಹತ್ತಿರ ಕಾಗದದ ಮೂಲ ಬಣ್ಣ ಆಯಿಲ್ ಕಲೆಯೊಳಗಿಂದ ಕಾಣುತ್ತಿತ್ತು. ಹೊರಸುತ್ತನ್ನು ಕೆರೆದು ಸೀಮೆಎಣ್ಣೆಯಲ್ಲಿ ಕದಡಿ, ಕಾಫಿ ಸೋಸುವ ಬಟ್ಟೆಯಲ್ಲಿ ಇಳಿಸಿ ಒಣಗಿಸಿದೆ. ಉಳಿದ ಪುಡಿಯನ್ನು ಎರಡು ಗಾಜಿನ ತುಂಡುಗಳ ನಡುವೆ ಇಟ್ಟು ಉಜ್ಜಿದರೆ ಕರಕರ ಸದ್ದು, ಗಾಜಿನ ಮೇಲೆ ಮಂಕು ಗೆರೆ. ಬೆರಳಿಗೆ ತಾಗದ ಆ ಪುಡಿ ಗಾಜನ್ನು ಗೀರಿತ್ತು. ಇದು ಬೇರಿಂಗ್ ಲೋಹವನ್ನು ಏನು ಮಾಡೀತು ಎಂದು ಆಮೇಲೆ ನಾನು ಯಾರನ್ನೂ ಕೇಳಲು ಹೋಗಲಿಲ್ಲ.

ಇನ್ನು ಬಾಕಿ ಇರುವುದು ಬ್ರೀದರ್, ಎಂಜಿನ್ ಉಸಿರಾಡುವ ದಾರಿ. ರಾಕರ್ ಕವರಿನ ಆಯಿಲ್ ಕ್ಯಾಪ್ ಒಳಗೆ ತಂತಿ ಜಾಲರಿಯೊಂದು ಬಿಟ್ಟರೆ ಧೂಳು ತಡೆಯುವಂಥದ್ದು ಬೇರೇನೂ ಇಲ್ಲ, ಎಂಜಿನ್ ಒಳಗಿನ ಖಾಲಿ ಜಾಗ ಹೊರಗಿನ ಗಾಳಿಯನ್ನು ಎಳೆಯುವುದು ಅಲ್ಲಿಂದಲೇ. ಆ ಕ್ಯಾಪನ್ನು ಗಾಳಿ ಆಡದ ಕ್ಯಾಪಿಗೆ ಬದಲಾಯಿಸಿ, ಏರ್ ಕ್ಲೀನರಿನ ಒಳಗಿಂದ ಸೋಸಿದ ಗಾಳಿ ಬರುವಂತೆ ಒಂದು ರಬ್ಬರ್ ಹೋಸ್ ಕೊಡಬೇಕು. ಮೇಸ್ತ್ರಿಗೆ ಹೇಳಿದ್ದೇನೆ. ಟ್ಯಾಪೆಟ್ ಗ್ಯಾಪ್ ನೋಡುವಾಗ ಹೇಗೂ ರಾಕರ್ ಕವರ್ ಬಿಚ್ಚಬೇಕು, ಅವತ್ತೇ ಅದನ್ನೂ ಮುಗಿಸೋಣ ಎಂದಿದ್ದಾರೆ.